ಪೆಟ್ಟಿಗೊಂದು ಪೆಟ್ಟಿಗೆ

ಅಮ್ಮನ ಮೈಮೇಲಿನ ಗಾಯ ನೋಡಿದರೆ ಆ ವಾರ ನಮ್ಮ ಮನೆಯ ಊಟ ಏನೆಂದು ಹೇಳಬಹುದಿತ್ತು. ಬರೀ ಮೊಣಕೈ ತರಚಿದ್ದರೆ ಬಟಾಣಿ. ಬಟಾಣಿಗೆ ಅಂಥ ಕಿತ್ತಾಟ ಇರುತ್ತಿರಲಿಲ್ಲ. ಕಣ್ಣಿನ ಕೆಳಗೆ ನೀಲಿಗಟ್ಟಿದ್ದರೆ ಮೀನು. ತುಟಿ ಒಡೆದು, ಕೆನ್ನೆಯ ಮೇಲೆ ಯಾರದೋ ನಾಲ್ಕು ಉಗುರಿನ ಗೆರೆ ಎದ್ದಿದ್ದರೆ ಸಕ್ಕರೆ ಪಾಕದ ಹಣ್ಣು. ಅಂಥ ಗುರುವಾರ ನನ್ನ ಅವಳಿ ತಮ್ಮಂದಿರು ಬಾಗಿಲಲ್ಲೇ ಅಮ್ಮನ ಮುಖ ನೋಡಿ ಕುಣಿಯುತ್ತಿದ್ದರು. ಅವರಿಬ್ಬರಿಗೆ ಅಜ್ಜಿ ಇಟ್ಟ ಹೆಸರು ಹಸಿವು ಮತ್ತು ಬಾಯಾರಿಕೆ. ಒಬ್ಬನ ಬಾಯಿ ಮುಚ್ಚಿಸಿದರೆ ಇನ್ನೊಬ್ಬನದು ತೆರೆಯುತ್ತಿತ್ತು.

ಮನೆಯಿಂದ ಎರಡು ಬೀದಿ ಆಚೆ ಒಂದು ಸಗಟು ಅಂಗಡಿಯ ಗೋದಾಮು. ಲಾರಿಯಿಂದ ಬಿದ್ದು ಅಲ್ಲಲ್ಲಿ ತಗ್ಗಾದ, ಆಹಾರ ತುಂಬಿ ಮುಚ್ಚಿದ ತಗಡಿನ ಡಬ್ಬಿಗಳನ್ನು ಅವರು ಮುಂದಿನ ಬಾಗಿಲಲ್ಲಿ ಮಾರುವಂತಿರಲಿಲ್ಲ. ಅದಕ್ಕೇ ಪ್ರತಿ ಗುರುವಾರ ಮಧ್ಯಾಹ್ನ ಮೂರಕ್ಕೆ ಹಿಂದಿನ ಗೇಟು ತೆರೆದು, ಮುಚ್ಚಳವಿಲ್ಲದ ಹನ್ನೆರಡು ಪೆಟ್ಟಿಗೆಗಳನ್ನು ಕಟ್ಟೆಯ ಮೇಲೆ ಸಾಲಾಗಿ ಇಡುತ್ತಿದ್ದರು. ಒಂದು ಪೆಟ್ಟಿಗೆಗೆ ಒಂದು ನೋಟು, ಒಳಗೆ ಏನೇ ಇರಲಿ. ಪೆಟ್ಟಿಗೆ ಹನ್ನೆರಡು, ಬರುವವರು ಮೂವತ್ತು ಜನ. ನೋಟು ಎಲ್ಲರ ಹತ್ತಿರವೂ ಇತ್ತು, ಹಾಗಾಗಿ ಬೆಲೆ ನಿಜವಾಗಿ ಬೇರೆ ರೂಪದಲ್ಲಿ ಪಾವತಿಯಾಗುತ್ತಿತ್ತು.

ಗೇಟು ಕಾಯುವವನಿಗೆ ಮೈಕಣ್ಣ ಎಂದು ಹೆಸರು. ಅವನ ಗಂಟಲಿಗೆ ಮೈಕು ಬೇಕಿರಲಿಲ್ಲ. ಅವನು "ಒಂದೂ" ಎಂದರೆ ಓಟ, "ಎರಡೂ" ಎಂದರೆ ಕಿತ್ತಾಟ. "ಮುಟ್ಟಿ" ಎಂದಾಗ ಯಾರ ಎರಡೂ ಕೈ ಪೆಟ್ಟಿಗೆಯ ಮೇಲಿದೆಯೋ ಪೆಟ್ಟಿಗೆ ಅವರದು. ಇಬ್ಬರ ಎರಡೆರಡು ಕೈಗಳಿದ್ದರೆ ಅದು ಯಾರದೂ ಅಲ್ಲ, ವಾಪಸ್ ಒಳಕ್ಕೆ. ಈ ಕೊನೆಯ ನಿಯಮವೇ ಎಲ್ಲ ರಕ್ತಕ್ಕೂ ಮೂಲ. ಪೆಟ್ಟಿಗೆಯನ್ನು ಹಿಡಿದರೆ ಸಾಲದು, ಪಕ್ಕದವರ ಕೈ ಬಿಡಿಸಬೇಕು. ಎರಡಕ್ಕೂ ಮುಟ್ಟಿಗೂ ನಡುವೆ ಮೈಕಣ್ಣ ನಿಧಾನವಾಗಿ ಮೂಗು ಸೀನುತ್ತಿದ್ದ, ಕರವಸ್ತ್ರ ಮಡಚುತ್ತಿದ್ದ. ಅಷ್ಟರಲ್ಲಿ ಹಲ್ಲು, ಉಗುರು, ಹೇರ್‌ಪಿನ್ನು, ಎಲ್ಲಕ್ಕೂ ಕೆಲಸ ಸಿಗುತ್ತಿತ್ತು. ಆದರೆ "ಮುಟ್ಟಿ" ಎಂದ ಮೇಲೆ ಯಾರೂ ಯಾರಿಗೂ ಹೊಡೆಯುವಂತಿಲ್ಲ. ಎಲ್ಲರೂ ಕೈ ತೆಗೆದು, ಸೊಂಟದ ಚೀಲದಿಂದ ನೋಟು ಹುಡುಕುತ್ತಿದ್ದರು. ಕ್ಷಣದ ಹಿಂದೆ ಕೂದಲು ಕಿತ್ತವಳೇ "ನೋವಾಯ್ತೇನ್ರೀ?" ಎಂದು ಕೇಳುತ್ತಿದ್ದಳು.

"ಬೇರೆಯವರ ಮನೇಲಿ ಊಟ ತಿಂತಾರೆ," ಅನ್ನುತ್ತಿದ್ದಳು ಅಜ್ಜಿ. "ನಮ್ಮನೇಲಿ ಮೊದಲು ಏಟು ತಿಂದು ಆಮೇಲೆ ಊಟ. ಪೆಟ್ಟಿಗೊಂದು ಪೆಟ್ಟಿಗೆ ಕಣ್ರೋ."

ಅಪ್ಪ ಅದೇ ಗೋದಾಮಿನಲ್ಲಿ ಹದಿನಾಲ್ಕು ವರ್ಷ ಮೂಟೆ ಹೊತ್ತವನು. ಒಂದು ದಿನ ಮೂಟೆಗಳೇ ಅವನ ಮೇಲೆ ಹತ್ತಿದವು. ಗೋದಾಮು ಅವನ ಬೆನ್ನನ್ನು ಇಟ್ಟುಕೊಂಡು ಉಳಿದದ್ದನ್ನು ಮನೆಗೆ ಕಳಿಸಿತು. ಆಮೇಲೆ ಅವನು ಅಡುಗೆಮನೆಯಲ್ಲಿ ಎತ್ತರದ ಸ್ಟೂಲಿನ ಮೇಲೆ ಕೂತು ಅಡುಗೆ ಮಾಡುತ್ತಿದ್ದ. ಅಮ್ಮ ಲಾಂಡ್ರಿಯಲ್ಲಿ ಹೋಟೆಲುಗಳ ಹಾಸಿಗೆ ಹೊದಿಕೆಗೆ ಇಸ್ತ್ರಿ ಹಾಕುತ್ತಿದ್ದಳು. ಅವಳ ಸಂಬಳ ಬಾಡಿಗೆಗೆ, ಅಪ್ಪನ ಮಾತ್ರೆಗೆ, ನನ್ನ ಕಾಲೇಜಿನ ಫೀಸಿಗೆ ಹೋಗಿ, ವಾರಕ್ಕೆ ಒಂದು ಚೀಲ ಹಿಟ್ಟು ಮತ್ತು ಒಂದು ಪೆಟ್ಟಿಗೆಯಷ್ಟು ಉಳಿಯುತ್ತಿತ್ತು. ಆರು ಹೊಟ್ಟೆ, ಇಪ್ಪತ್ತನಾಲ್ಕು ಡಬ್ಬಿ, ಏಳು ದಿನ. ಆರು ವರ್ಷದಲ್ಲಿ ಅಮ್ಮ ಬರಿಗೈಲಿ ಬಂದದ್ದು ಮೂರೇ ಸಲ.

ಅವಳ ಗುಟ್ಟು ಇದ್ದದ್ದು ಕಿವಿಯಲ್ಲಿ. ಓಟಕ್ಕೆ ಮೊದಲು ಪೆಟ್ಟಿಗೆ ಮುಟ್ಟುವಂತಿಲ್ಲ, ದೂರದಿಂದ ನೋಡಬಹುದು ಅಷ್ಟೆ. ಆದರೆ ಮೈಕಣ್ಣ ಪ್ರತಿ ಪೆಟ್ಟಿಗೆಯನ್ನೂ ಬೂಟುಗಾಲಿನಿಂದ ಒದ್ದು ಸಾಲಿಗೆ ತಳ್ಳುತ್ತಿದ್ದ, ಆ ಒದೆತಕ್ಕೆ ಒಳಗಿನ ಡಬ್ಬಿಗಳು ಸದ್ದು ಮಾಡುತ್ತಿದ್ದವು. ಉಳಿದವರು ಕಣ್ಣರಳಿಸಿ ನೋಡುವಾಗ ಅಮ್ಮ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಮನೆಯಲ್ಲಿ ನಡುಬೆರಳಿನ ಗೆಣ್ಣಿನಿಂದ ಒಂದೊಂದೇ ಡಬ್ಬಿ ಬಡಿದು ನನಗೂ ಕಲಿಸಿದ್ದಳು.

"ಟಣ್ ಅಂದ್ರೆ ತಿನ್ನು. ಡಬ್ ಅಂದ್ರೆ ಬಿಸಾಕು, ಒಳಗೆ ಕೊಳೆತು ಗಾಳಿ ತುಂಬಿದೆ. ಆ ಗಾಳಿ ತಗ್ಗನ್ನ ಒಳಗಿಂದ ತಳ್ಳಿ ಡಬ್ಬೀನ ಹೊಸದರ ಥರ ಮಾಡುತ್ತೆ. ಹಿಂದಿನ ಗೇಟಿಗೆ ಬಂದ ಮೇಲೂ ಚೆಂದ ಕಾಣ್ತಿದೆ ಅಂದ್ರೆ ಹೊಟ್ಟೇಲಿ ಏನೋ ಇಟ್ಕೊಂಡಿದೆ ಅಂತ ತಿಳ್ಕೋ."

ನಾನು ಟಣ್ಣನ್ನೂ ಡಬ್ಬನ್ನೂ ಬಾಯಲ್ಲೇ ಬಾರಿಸಿ ತೋರಿಸಿದೆ. ನನಗೆ ಗಿಣಿ ಎಂದು ಅಡ್ಡಹೆಸರು. ಕಾಲೇಜಿನ ಲೆಕ್ಚರರುಗಳು, ಬಸ್ಸಿನ ಬ್ರೇಕು, ಅಜ್ಜಿಯ ಗೊರಕೆ, ಮೈಕಣ್ಣನ ಮೂಗು, ಯಾವುದೂ ನನ್ನ ಬಾಯಿಂದ ತಪ್ಪಿಸಿಕೊಂಡಿರಲಿಲ್ಲ. "ಒಂದೂ" ಎಂದು ನಾನು ಹಿಂದಿನಿಂದ ಕೂಗಿದರೆ ಅಮ್ಮ ನಿದ್ದೆಯಿಂದ ಎದ್ದು ಓಡಲು ನೋಡುತ್ತಿದ್ದಳು.

ಆ ವರ್ಷ ಕಟ್ಟೆಗೆ ಮೆಸ್ಸಮ್ಮ ಬಂದಳು. ಕಟ್ಟಡದ ಕೆಲಸಕ್ಕೆ ಬಂದ ನಲವತ್ತು ಗಂಡಸರಿಗೆ ಎರಡು ಹೊತ್ತು ಊಟ ಹಾಕುವ ಮೆಸ್ಸು ಅವಳದು. ಜೇನಿನಂಥ ದನಿ, ಮಾತು ಮಾತಿಗೂ ಅಕ್ಕಾ. ಜತೆಗೆ ಅವಳ ತಮ್ಮ. ಮೆಸ್ಸಿನವರು ಅವನನ್ನು ರೋಲರ್ ಎನ್ನುತ್ತಿದ್ದರು, ರಸ್ತೆ ಸಮ ಮಾಡುವ ರೋಲರ್. ನಾನು ಅವನನ್ನು ಅಣಕಿಸಬೇಕೆಂದರೆ ಮಾತೇ ಬೇಕಿರಲಿಲ್ಲ, ಕತ್ತು ಒಳಗೆಳೆದು ನಿಂತರೆ ಸಾಕು.

ಮೊದಲ ವಾರ ಅವನು ಅಮ್ಮನ ಜಡೆ ಹಿಡಿದು ಮೀನಿನ ಪೆಟ್ಟಿಗೆಯಿಂದ ಗೇಟಿನವರೆಗೆ ಎಳೆದ. ಎರಡನೆಯ ವಾರ ಅಮ್ಮ ಅವನ ಹೆಬ್ಬೆರಳನ್ನು ಕಚ್ಚಿದಳು. ಉಗುರು ಅವಳ ಬಾಯಲ್ಲೇ ಉಳಿಯಿತು. ಅದನ್ನು ಉಗುಳಿ, ಎರಡೂ ಕೈ ಪೆಟ್ಟಿಗೆಯ ಮೇಲಿಟ್ಟು, ಮೈಕಣ್ಣನ "ಮುಟ್ಟಿ"ಗೆ ಕಾದಳು. ಆ ವಾರ ನಮಗೆ ಜೋಳ. ಮೆಸ್ಸಮ್ಮ ನಮ್ಮ ಪಕ್ಕ ಬಂದು, "ಅಯ್ಯೋ ಅಕ್ಕಾ, ಹಲ್ಲು ಗಟ್ಟಿ ಇದೆ ಕಣಕ್ಕಾ ನಿಮ್ದು. ಇನ್ನೊಂದು ವಾರ ಇರಲಿ," ಎಂದಳು.

ಮೂರನೆಯ ವಾರ ನಾನೂ ಹೋಗಿದ್ದೆ, ಪೆಟ್ಟಿಗೆ ಹೊರಲು. ಅಮ್ಮ ಬೀನ್ಸಿನ ಪೆಟ್ಟಿಗೆಯ ಮೇಲೆ ಕವುಚಿ ಬಿದ್ದು, ಎರಡೂ ಕೈಯಿಂದ ಅಂಚು ಹಿಡಿದಿದ್ದಳು. ರೋಲರ್ ಅವಳನ್ನು ಎಳೆಯಲಿಲ್ಲ, ಹೊಡೆಯಲಿಲ್ಲ. ಸುಮ್ಮನೆ ಕಟ್ಟೆ ಹತ್ತಿ, ಬೂಟಿನ ಹಿಮ್ಮಡಿಯನ್ನು ಅವಳ ಬಲಗೈ ಮೇಲಿಟ್ಟು, ತನ್ನ ಅಷ್ಟೂ ಭಾರವನ್ನು ಅದರ ಮೇಲೆ ಬಿಟ್ಟ. ಒಣಗಿದ ಬ್ರೆಡ್ಡು ಮುರಿದ ಹಾಗೆ ಸದ್ದಾಯಿತು. ಆ ಸದ್ದನ್ನು ನಾನು ಇಂದಿಗೂ ಬಾಯಲ್ಲಿ ಮಾಡುವುದಿಲ್ಲ.

ಅಮ್ಮ ಕೂಗಲಿಲ್ಲ. ಎಡಗೈ ಬಿಡಲಿಲ್ಲ. ಬಲಗೈ ತಾನಾಗಿ ಜಾರಿತು. ರೋಲರ್ ಬಾಗಿ ತನ್ನ ಎರಡೂ ಕೈ ಪೆಟ್ಟಿಗೆಯ ಮೇಲಿಟ್ಟ.

"ಮುಟ್ಟಿ," ಎಂದ ಮೈಕಣ್ಣ. ಬಂದು ನೋಡಿದ. "ಒಂದೇ ಕೈ ಇದೆ ಕಣಮ್ಮಾ."

"ಇನ್ನೊಂದನ್ನ ಅವನು ಮುರಿದ," ಎಂದೆ ನಾನು.

"ಮುರಿದದ್ದು ನಾನು ಮುಟ್ಟಿ ಅನ್ನೋಕೆ ಮುಂಚೆ ತಾನೆ?" ಎಂದ ಮೈಕಣ್ಣ ಬೇಸರದಿಂದ. ಅವನಿಗೂ ಅದು ಇಷ್ಟವಿರಲಿಲ್ಲ, ಆದರೆ ನಿಯಮ ಅವನದಲ್ಲ. ರೋಲರ್ ಪೆಟ್ಟಿಗೆ ಎತ್ತಿಕೊಂಡು ಹೋದ.

ಮೂರು ಬೆರಳು ಮುರಿದಿದ್ದವು. ಅಪ್ಪ ಮರದ ಸೌಟನ್ನು ಮೊಣಕಾಲಿಗೆ ಬಡಿದು ಸೀಳಿ, ಆ ಸೀಳುಗಳನ್ನು ಬೆರಳಿಗೆ ಆನಿಸಿ ಬಟ್ಟೆ ಸುತ್ತಿದ. ಲಾಂಡ್ರಿಯವರು ಒಂದು ಕೈಯಲ್ಲಿ ಇಸ್ತ್ರಿ ಆಗುವುದಿಲ್ಲ, ಕೈ ಸರಿಯಾದ ಮೇಲೆ ಬಾ ಎಂದರು. ಆ ವಾರ ಹಿಟ್ಟು ಕದಡಿದ ನೀರು, ಅದರ ಮೇಲೆ ಉಪ್ಪು. ನಾಲ್ಕನೆಯ ದಿನ ಹಸಿವು ಬಾಯಾರಿಕೆಯ ಕಿವಿ ಕಚ್ಚಿದ, ಬಾಯಾರಿಕೆ ಲೋಟದಿಂದ ಅವನ ಹುಬ್ಬು ಒಡೆದ. ಜಗಳ ಪಾತ್ರೆಯ ತಳ ಯಾರು ಕೆರೆಯಬೇಕು ಎಂಬುದಕ್ಕೆ. ಅಜ್ಜಿ ಇಬ್ಬರಿಗೂ ಎರಡೆರಡು ಬಿಟ್ಟು, ತನ್ನ ಪಾಲನ್ನು ಅವರ ತಟ್ಟೆಗೆ ಸುರಿದು, "ನನಗೆ ಅಜೀರ್ಣ" ಎಂದು ಗೋಡೆ ಕಡೆ ತಿರುಗಿ ಮಲಗಿದಳು. ಐದನೆಯ ದಿನ ಅವಳಿಗೆ ಎದ್ದು ನಿಲ್ಲಲು ಆಗಲಿಲ್ಲ.

ಮನೆಯಲ್ಲಿ ಒಂದೇ ನೋಟು ಉಳಿದಿತ್ತು. ಅಂಗಡಿಗೆ ಕೊಟ್ಟರೆ ಎರಡು ದಿನದ ಊಟ, ಕಟ್ಟೆಗೆ ಕೊಟ್ಟರೆ ಒಂದು ವಾರದ್ದು.

"ನಾನು ಹೋಗ್ತೀನಿ," ಎಂದೆ.

ಅಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು, ಸಂತೆಯಲ್ಲಿ ಬದನೆಕಾಯಿ ನೋಡುವ ಹಾಗೆ. ಆಮೇಲೆ ಎಡಗೈಯಲ್ಲಿ ತರಕಾರಿ ಚಾಕು ತೆಗೆದುಕೊಂಡು, "ಕೂತ್ಕೋ," ಎಂದಳು. ಜಡೆ ಬುಡದಿಂದ ಹೋಯಿತು. ಕುತ್ತಿಗೆಗೂ ಮುಂಗೈಗೂ ಎಣ್ಣೆ ಸವರಿದಳು, ಹಿಡಿದರೆ ಜಾರಲಿ ಎಂದು. ಅಪ್ಪ ಮೂಲೆಯಿಂದ ತನ್ನ ಹಳೆಯ ಕೊಕ್ಕೆ ತಂದ, ಮೂಟೆಗೆ ಚುಚ್ಚಿ ಎಳೆಯುವ ಕಬ್ಬಿಣದ್ದು.

"ಬೇಡ," ಎಂದಳು ಅಮ್ಮ. "ನಾವು ಕಬ್ಬಿಣ ತಗೊಂಡು ಹೋದ್ರೆ ಮುಂದಿನ ವಾರ ಎಲ್ಲಾರೂ ತರ್ತಾರೆ. ಕಿವಿ ತಗೊಂಡು ಹೋಗ್ಲಿ."

"ಆ ಕಿವಿಗೆ ತಾಯಿ ಮಾತೇ ಕೇಳ್ಸಲ್ಲ, ಡಬ್ಬಿ ಮಾತು ಕೇಳುತ್ತಾ?" ಎಂದಳು ಅಜ್ಜಿ ಹಾಸಿಗೆಯಿಂದ. ದನಿ ಸಣ್ಣದಾಗಿತ್ತು. ಅದನ್ನು ಅಣಕಿಸಲು ನನಗೆ ಬಾಯಿ ಬರಲಿಲ್ಲ.

ಗುರುವಾರ ಮೂರಕ್ಕೆ ಐದು ನಿಮಿಷ ಇತ್ತು. ಗೇಟಿನ ಮುಂದೆ ಗುಂಪು ಸೇರಿತ್ತು. ನಾನು ಅಮ್ಮನ ಹಾಗೆ ಕಣ್ಣು ಮುಚ್ಚಿ ಬೂಟಿನ ಸದ್ದಿಗೆ ಕಾಯುತ್ತಿದ್ದೆ. ಕಣ್ಣು ಮುಚ್ಚಿದ್ದೇ ತಪ್ಪಾಯಿತು. ರೋಲರ್‌ನ ಅಂಗೈ ಎಡಗಿವಿಯ ಮೇಲೆ ಬಿತ್ತು. ನಾನು ಪಕ್ಕದ ಹೆಂಗಸಿನ ಮೇಲೆ ಬಿದ್ದೆ, ಅವಳು ನನ್ನನ್ನು ನೆಲಕ್ಕೆ ತಳ್ಳಿದಳು.

"ಇದು ನಿಮ್ಮಮ್ಮ ಕಚ್ಚಿದ್ದಕ್ಕೆ," ಎಂದ ಅವನು, ಉಗುರಿಲ್ಲದ ಹೆಬ್ಬೆರಳು ತೋರಿಸುತ್ತ. ಅವನ ತುಟಿ ಆಡುವುದು ಕಾಣಿಸಿತು, ಮಾತು ಎಲ್ಲೋ ಬಾವಿಯೊಳಗಿಂದ ಬಂತು. ತಲೆಯೊಳಗೆ ಒಂದೇ ಸಮನೆ ಗುಂಯ್ ಎನ್ನುತ್ತಿತ್ತು. ಗೇಟು ತೆರೆಯಿತು. ಮೈಕಣ್ಣ ಒಂದೊಂದೇ ಪೆಟ್ಟಿಗೆ ಒದ್ದ. ಹನ್ನೆರಡು ಒದೆತ, ಹನ್ನೆರಡೂ ಗುಂಯ್.

ಕಿವಿ ಕೈಕೊಟ್ಟ ಮೇಲೆ ಕಣ್ಣೊಂದೇ ಉಳಿದಿತ್ತು. ಸಾಲಿನಲ್ಲಿ ಐದು ಪೆಟ್ಟಿಗೆ ತುಂಬ ಬೀನ್ಸ್ ಡಬ್ಬಿಗಳು, ಥಳಥಳ ಹೊಳೆಯುತ್ತಿದ್ದವು, ತಗ್ಗಿನ ಸುಳಿವೂ ಇರಲಿಲ್ಲ. ಅಮ್ಮ ಹೇಳಿದ್ದು ನೆನಪಾಗಲಿಲ್ಲ ಎಂದರೆ ಸುಳ್ಳು. ನೆನಪಾಯಿತು. ಅದರ ಹಿಂದೆಯೇ ಗೋಡೆ ಕಡೆ ತಿರುಗಿದ ಅಜ್ಜಿಯ ಬೆನ್ನೂ ನೆನಪಾಯಿತು. ಹೊಟ್ಟೆ ಖಾಲಿ ಇದ್ದಾಗ ಚೆಂದದ್ದನ್ನು ಅನುಮಾನಿಸುವುದು ಬಹಳ ಕಷ್ಟ.

"ಒಂದೂ."

ಓಡಿದೆ. ಕೊನೆಯ ಬೀನ್ಸ್ ಪೆಟ್ಟಿಗೆಯ ಮೇಲೆ ಕವುಚಿ ಬಿದ್ದೆ.

"ಎರಡೂ."

ಯಾರೋ ನನ್ನ ಜಡೆಗೆ ಕೈ ಹಾಕಿ, ಜಡೆ ಸಿಗದೆ ಬೈದರು. ಇನ್ನೊಬ್ಬಳು ಕುತ್ತಿಗೆ ಹಿಡಿದು ಎಣ್ಣೆಗೆ ಜಾರಿದಳು. ನಾನು ಹಿಂದಕ್ಕೆ ಒದ್ದೆ, ಯಾವುದೋ ಮೊಣಕಾಲಿಗೆ ತಾಗಿತು. ಆಮೇಲೆ ಬೆಳಕು ಕಡಿಮೆಯಾಯಿತು: ರೋಲರ್ ಬಂದಿದ್ದ. ನನ್ನ ಮೇಲೆ ಬಾಗಿ, ಎರಡೂ ಕೈ ಪೆಟ್ಟಿಗೆಯ ಮೇಲಿಟ್ಟು, ಹಣೆಯಿಂದ ನನ್ನ ಮೂಗಿಗೆ ಗುದ್ದಿದ. ಬೆಚ್ಚಗಿನದು ಬಾಯಿಗೆ ಇಳಿಯಿತು. ಇನ್ನೊಮ್ಮೆ ಗುದ್ದಿದ. ಮೈಕಣ್ಣ ಮೂಗು ಸೀನಿ ಕರವಸ್ತ್ರ ಮಡಚುತ್ತಿದ್ದ. ರೋಲರ್ ಮೊಣಕಾಲನ್ನು ನನ್ನ ಬಲ ಮುಂಗೈ ಮೇಲಿಟ್ಟು ನಿಧಾನವಾಗಿ ಒತ್ತತೊಡಗಿದ. ಒಣ ಬ್ರೆಡ್ಡಿನ ಸದ್ದು ನೆನಪಾಯಿತು.

ಬಾಯಲ್ಲಿದ್ದ ರಕ್ತ ನುಂಗಿ, ಗಂಟಲು ಅಗಲ ಮಾಡಿ, ಹೊಟ್ಟೆಯಾಳದಿಂದ ಕೂಗಿದೆ: "ಮುಟ್ಟಿ."

ಅದು ನನ್ನ ದನಿಯಾಗಿರಲಿಲ್ಲ, ಮೈಕಣ್ಣನದು. ಕಟ್ಟೆಯ ಮೇಲಿದ್ದ ಅಷ್ಟೂ ಜನ ತಟ್ಟನೆ ಸಭ್ಯರಾದರು. ಹೊಡೆತ ನಿಂತಿತು. ರೋಲರ್ ಎದ್ದು ನಿಂತ, ಎಲ್ಲರ ಹಾಗೆ ಅವನೂ ನೋಟಿಗೆಂದು ಜೇಬಿಗೆ ಕೈ ಹಾಕಿದ. ನನ್ನ ಎರಡೂ ಕೈ ಪೆಟ್ಟಿಗೆಯ ಮೇಲೇ ಇದ್ದವು. ಆಗ ಮೈಕಣ್ಣ, ಮಡಚಿದ ಕರವಸ್ತ್ರ ಹಿಡಿದು, ತನ್ನ ಮಾತು ತನಗಿಂತ ಮುಂಚೆ ಹೋಗಿದ್ದಕ್ಕೆ ಗಲಿಬಿಲಿಯಾಗಿ, ನಿಜವಾದದ್ದನ್ನೂ ಹೇಳಿಬಿಟ್ಟ: "ಮುಟ್ಟಿ."

ಮಿಕ್ಕ ಹನ್ನೊಂದು ಪೆಟ್ಟಿಗೆಗಳ ಮೇಲೆ ಯಾರ ಕೈಯೂ ಇರಲಿಲ್ಲ. ಅವಕ್ಕೆ ಮತ್ತೆ ಒಂದು ಎರಡು ಎಣಿಸಬೇಕಾಯಿತು. ಆ ಗದ್ದಲದಲ್ಲಿ ಮೆಸ್ಸಮ್ಮ ಉಳಿದ ನಾಲ್ಕು ಬೀನ್ಸ್ ಪೆಟ್ಟಿಗೆ ಬಾಚಿಕೊಂಡಳು. ನಾನು ರಕ್ತ ಅಂಟಿದ ನೋಟು ಮೈಕಣ್ಣನ ಕೈಗಿಟ್ಟು, ಪೆಟ್ಟಿಗೆ ತಲೆಮೇಲೆ ಹೊತ್ತು ಓಡಿದೆ.

ಮನೆಯಲ್ಲಿ ತಮ್ಮಂದಿರು ನನ್ನ ಮೂಗು ನೋಡಿ ಊಟ ಏನೆಂದು ಊಹಿಸಲಾಗದೆ ಸುಮ್ಮನೆ ನಿಂತರು. ಪೆಟ್ಟಿಗೆಯನ್ನು ಅಡುಗೆಮನೆಯ ನೆಲದ ಮೇಲಿಟ್ಟೆ. ಅಮ್ಮ ಡಬ್ಬಿಗಳನ್ನು ನೋಡಿದಳು. ಅವಳ ಮುಖದಲ್ಲಿ ಸಂತೋಷ ಬರಲಿಲ್ಲ. ಎಡಗೈಯಲ್ಲಿ ಚಮಚ ಹಿಡಿದು ಬಡಿದಳು.

ಡಬ್.

ಇನ್ನೊಂದು. ಡಬ್. ಮೂರನೆಯದು, ನಾಲ್ಕನೆಯದು. ಇಪ್ಪತ್ತನಾಲ್ಕನ್ನೂ ಬಡಿದಳು. ಅಷ್ಟು ಹೊತ್ತಿಗೆ ನನ್ನ ಕಿವಿಯ ಗುಂಯ್ ಇಳಿದಿತ್ತು. ಒಂದೊಂದೂ ಚೆನ್ನಾಗಿಯೇ ಕೇಳಿಸಿತು.

"ಕಿವಿಗೆ ಹೊಡೆದ," ಎಂದೆ. "ಕೇಳಿಸ್ಲಿಲ್ಲ ಅಮ್ಮ."

ಅಮ್ಮ ಚಮಚ ಕೆಳಗಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು. ಹಸಿವು ಒಂದು ಡಬ್ಬಿ ಎತ್ತಿಕೊಂಡು, "ಇದೊಂದು ಚೆನ್ನಾಗಿದೆ ಅಮ್ಮ, ನೋಡು, ಇದೊಂದು," ಎಂದ. ಅಪ್ಪ ಅದನ್ನು ಅವನ ಕೈಯಿಂದ ಕಿತ್ತುಕೊಂಡ. ಅವನು ಅಪ್ಪನ ತೊಡೆಗೆ ಗುದ್ದತೊಡಗಿದ, ಅಪ್ಪ ಗುದ್ದಿಸಿಕೊಳ್ಳುತ್ತ ಕೂತ.

ಸಂಜೆಯಾದರೂ ಪೆಟ್ಟಿಗೆ ನೆಲದ ಮೇಲೇ ಇತ್ತು, ಆಗ ಬಾಗಿಲು ಒಳಗೆ ಬಿತ್ತು. ತೆರೆಯಲಿಲ್ಲ, ತಿರುಗಣೆಯ ಸಮೇತ ಬಿತ್ತು. ಅದರ ಮೇಲೆ ನಡೆದುಕೊಂಡು ರೋಲರ್ ಬಂದ.

"ಎಲ್ಲಿ ಆ ಗಿಣಿ? ಅದು ನನ್ನ ಪೆಟ್ಟಿಗೆ."

ಅಪ್ಪ ಸ್ಟೂಲಿನಿಂದ ಏಳಲು ನೋಡಿದ. ರೋಲರ್ ಒಂದೇ ಕೈಯಲ್ಲಿ ಅವನನ್ನು ಗೋಡೆಗೆ ತಳ್ಳಿದ. ಬೆನ್ನು ಗೋಡೆಗೆ ತಾಗಿದಾಗ ಅಪ್ಪನ ಬಾಯಿಂದ ಗಾಳಿ ಹೋದ ಸದ್ದು ಬಂತು. ಅವಳಿಗಳು ರೋಲರ್‌ನ ಒಂದೊಂದು ಕಾಲಿಗೆ ಕಚ್ಚಿಕೊಂಡರು. ಅವನು ಅವರನ್ನು ಎಳೆದುಕೊಂಡೇ ಪೆಟ್ಟಿಗೆಯ ಹತ್ತಿರ ಬಂದು ಬಾಗಿದ.

ಅವನು ಅದನ್ನು ಎತ್ತಿಕೊಂಡು ಹೋಗಿಬಿಟ್ಟರೆ ಸಾಕಿತ್ತು. ಉಳಿದ ಕೆಲಸ ಡಬ್ಬಿಗಳೇ ಮಾಡುತ್ತಿದ್ದವು. ಆ ಯೋಚನೆ ನನಗೆ ಬಂತು. ಅಮ್ಮನಿಗೂ ಬಂದದ್ದು ಅವಳ ಮುಖದಲ್ಲಿ ಕಂಡಿತು. ಅವಳು ಮುರಿದ ಬೆರಳುಗಳನ್ನು ಒಮ್ಮೆ ನೋಡಿಕೊಂಡಳು.

"ತಮ್ಮಾ," ಎಂದಳು. "ಅದು ಕೊಳೆತಿದೆ. ತಿಂದ್ರೆ ಸಾಯ್ತಾರೆ."

ರೋಲರ್ ನಕ್ಕ. "ಮಗಳು ಮೈಕಣ್ಣನ ದನಿ ಕದ್ದಳು. ಈಗ ತಾಯಿ ಡಾಕ್ಟ್ರ ದನಿ ಕದೀತಾಳೆ. ಎಲ್ಲಾ ಕಳ್ಳ ಗಂಟಲುಗಳೇ ಈ ಮನೇಲಿ."

ಜಡೆ ಕೊಯ್ದ ಚಾಕು ಮೇಜಿನ ಮೇಲೆ ಇತ್ತು. ಅಮ್ಮ ಎಡಗೈಯಲ್ಲಿ ಅದನ್ನು ಎತ್ತಿ, ಬಾಗಿದ್ದ ರೋಲರ್‌ನ ಗಲ್ಲದ ಕೆಳಗೆ ಬೀಸಿದಳು. ಅವನ ಕುತ್ತಿಗೆಗೆಂದೇ ನಾನು ಅಂದುಕೊಂಡೆ, ಅವನೂ ಹಾಗೇ ಅಂದುಕೊಂಡ. ಚಾಕು ಮೇಲಿನ ಡಬ್ಬಿಗೆ ಹಿಡಿಯವರೆಗೂ ಇಳಿಯಿತು.

ಡಬ್ಬಿ ಕೆಮ್ಮಿತು. ಒಳಗಿದ್ದದ್ದು ಬೂದು ಬಣ್ಣದ ಕಾರಂಜಿಯಾಗಿ ಎದ್ದು ಅವನ ಕಣ್ಣು, ಮೂಗು, ತೆರೆದ ಬಾಯಿ, ಎಲ್ಲದಕ್ಕೂ ನುಗ್ಗಿತು. ವಾಸನೆ ಒಂದು ಕ್ಷಣ ತಡವಾಗಿ ಬಂತು. ಬಂದ ಮೇಲೆ ಯಾರೂ ನಿಲ್ಲಲಾಗಲಿಲ್ಲ. ತಮ್ಮಂದಿರು ಅವನ ಕಾಲು ಬಿಟ್ಟು ಓಡಿದರು. ರೋಲರ್ ನೆಲಕ್ಕೆ ಕುಸಿದು, ಉಗುಳಿ ಉಗುಳಿ, ಕೊನೆಗೆ ವಾಂತಿ ಮಾಡಿದ. ಅಮ್ಮ ಒಂದು ಕೊಡ ನೀರನ್ನು ಅವನ ತಲೆಯ ಮೇಲೆ ಸುರಿದು, "ಬಾಯಿ ಮುಕ್ಕಳಿಸು. ನುಂಗಬೇಡ," ಎಂದಳು.

ಅವನು ಮುಕ್ಕಳಿಸಿದ. ಮುಖ ಒರೆಸಿಕೊಂಡ. ಆಮೇಲೆ ಅವನ ಕಣ್ಣು ದೊಡ್ಡದಾಯಿತು.

"ಅಕ್ಕ ನಾಲ್ಕು ಪೆಟ್ಟಿಗೆ ತಗೊಂಡ್ಲು," ಎಂದ. "ಹೀಗೇ ಹೊಳೆಯೋದು. ಆರು ಗಂಟೆಗೆ ಬಡಿಸ್ತಾರೆ."

ಗಡಿಯಾರದಲ್ಲಿ ಆರಕ್ಕೆ ಹತ್ತು ನಿಮಿಷ.

ನಾವು ಮೂವರೂ ಓಡಿದೆವು. ಮುಂದೆ ರೋಲರ್, ಹಿಂದೆ ಕೈಯನ್ನು ಎದೆಗೆ ಅವಚಿಕೊಂಡ ಅಮ್ಮ, ಅವಳ ಹಿಂದೆ ಮೂಗಿಗೆ ಬಟ್ಟೆ ತುರುಕಿಕೊಂಡ ನಾನು. ಮೆಸ್ಸಿನಲ್ಲಿ ಉದ್ದನೆಯ ಬೆಂಚುಗಳ ಮೇಲೆ ನಲವತ್ತು ಜನ ತಟ್ಟೆ ಬಡಿಯುತ್ತ ಕೂತಿದ್ದರು. ಕೂದಲಲ್ಲಿ ಸಿಮೆಂಟು, ಕಣ್ಣಲ್ಲಿ ದಿನವಿಡೀ ದುಡಿದ ಹಸಿವು. ಮೂಲೆಯ ಒಲೆಯ ಮೇಲೆ ಸೊಂಟದೆತ್ತರದ ಪಾತ್ರೆ ಕುದಿಯುತ್ತಿತ್ತು. ಅಡುಗೆಯವನು ಮೊದಲ ತಟ್ಟೆ ಬಡಿಸಿಯಾಗಿತ್ತು. ಗಾರೆಯವನೊಬ್ಬ ಅದರಿಂದ ಚಮಚ ತುಂಬ ಎತ್ತಿ ಊದುತ್ತಿದ್ದ.

ರೋಲರ್ ಒಂದು ಮಾತೂ ಆಡದೆ ಆ ಚಮಚಕ್ಕೆ ಹೊಡೆದ. ಚಮಚದ ಜತೆ ಗಾರೆಯವನ ಒಂದು ಹಲ್ಲೂ ಹೋಯಿತು. ಅದೇ ಓಟದಲ್ಲಿ ಒಲೆಯವರೆಗೆ ಹೋಗಿ ಪಾತ್ರೆಯನ್ನು ಕಾಲಿನಿಂದ ಒದ್ದ. ಕುದಿಯುವ ಬೀನ್ಸ್ ನೆಲದುದ್ದಕ್ಕೂ ಹರಿದು ಬಂತು. ನಲವತ್ತು ಜನ ಒಟ್ಟಿಗೇ ಬೆಂಚು ಹತ್ತಿದರು.

ತಮ್ಮ ಊಟ ಚರಂಡಿಯ ಕಡೆ ಹೋಗುವುದನ್ನು ಎಲ್ಲರೂ ನೋಡಿದರು. ಆಮೇಲೆ ಮೊದಲ ತಟ್ಟೆ ಹಾರಿತು. ಅದು ರೋಲರ್‌ನ ಹಣೆ ಸೀಳಿತು. ಗಾರೆಯವನು ಬೆಂಚಿನ ಮೇಲಿಂದಲೇ ಅವನ ಮೇಲೆ ಹಾರಿದ. ಹಿಂದೆ ಇನ್ನೂ ಹತ್ತು ಜನ ಹಾರಿದರು. ಬೆಂಚು ಮುರಿದು ಕಾಲು ಬಂತು, ಕಾಲು ಯಾರದೋ ಬೆನ್ನಿಗೆ ಹೋಯಿತು. ರೋಲರ್ ಇಬ್ಬರನ್ನು ಗೋಡೆಗೆ ಎಸೆದ, ಮೂರನೆಯವನು ಅವನ ಗಂಟಲು ಹಿಡಿದ. "ವಿಷ... ವಿಷ..." ಎಂದು ಅವನು ಹೇಳುತ್ತಿದ್ದ, ಆದರೆ ಬಾಯಿಗೆ ಬೀಳುತ್ತಿದ್ದ ಗುದ್ದಿಗೆ ಅದು ಪೂರ್ತಿ ಹೊರಬರುತ್ತಿರಲಿಲ್ಲ.

ಮೆಸ್ಸಮ್ಮ ಒಳಗಿನಿಂದ ದೊಡ್ಡ ಸೌಟು ಹಿಡಿದು ಬಂದು ಮೊದಲು ತಮ್ಮನಿಗೇ ನಾಲ್ಕು ಬಿಟ್ಟಳು. ಆಮೇಲೆ ಅಮ್ಮನನ್ನು ಕಂಡಳು. "ನೀವಾ ಅಕ್ಕಾ ಇವನ ತಲೆ ಕೆಡಿಸಿದ್ದು?" ದನಿಯಲ್ಲಿ ಜೇನು ಹಾಗೇ ಇತ್ತು, ಸೌಟು ಮಾತ್ರ ಮೇಲೆ ಎದ್ದಿತ್ತು.

ಅಮ್ಮ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಅಡುಗೆಯವನ ಹತ್ತಿರ ಹೋದಳು. ಅವನು ಸುಟ್ಟ ಪಾದ ಹಿಡಿದುಕೊಂಡು ಕುಂಟುತ್ತಿದ್ದ. "ಡಬ್ಬಿ ತೆಗೆದಾಗ ಉಸ್ ಅಂತಾ?"

"ಹೂಂ ಕಣಮ್ಮಾ, ಎಲ್ಲಾನೂ. ಸೋಡಾ ಉಸ್ ಅಂದ್ರೆ ತಾಜಾ ಅಲ್ವಾ. ಹಾಗೇ ಅಂದ್ಕೊಂಡು, ಒಳ್ಳೇ ಮಾಲು ಅಂತ ಖುಷಿಯಾಗಿದ್ದೆ. ವಾಸನೆಗೆ ಒಂದಿಷ್ಟು ಖಾರ ಜಾಸ್ತಿ ಹಾಕ್ದೆ."

ಮೆಸ್ಸಮ್ಮನ ಸೌಟು ಕೆಳಗಿಳಿಯಿತು. ಅವಳಿಗೆ ಉಸ್ ಎಂದರೆ ಏನೆಂದು ಗೊತ್ತಿತ್ತು. ನಲವತ್ತು ತಟ್ಟೆಗಳನ್ನು ಒಂದೊಂದಾಗಿ ನೋಡಿದಳು. ಮುಖದ ಬಣ್ಣ ಇಳಿದುಹೋಯಿತು.

ಆದರೆ ಗುದ್ದಾಟಕ್ಕೆ ಅದು ಗೊತ್ತಿರಲಿಲ್ಲ. ರೋಲರ್ ನೆಲದ ಮೇಲಿದ್ದ, ಅವನ ಮೇಲೆ ಜನರಿದ್ದರು, ಒಬ್ಬನ ಕೈಯಲ್ಲಿ ಬೆಂಚಿನ ಕಾಲು ತಲೆಯ ನೇರಕ್ಕೆ ಎದ್ದಿತ್ತು. ನಾನು ಮೂಗಿನ ಬಟ್ಟೆ ಕಿತ್ತು, ಗಂಟಲಿಗೆ ಜೇನು ತುಂಬಿಕೊಂಡು ಕೂಗಿದೆ: "ಅಯ್ಯೋ ಅಣ್ಣಂದಿರಾ, ಈ ವಾರದ ಊಟದ ದುಡ್ಡು ಎಲ್ರಿಗೂ ವಾಪಸ್. ಆಲೂಗಡ್ಡೆ ಬೇಯಿಸ್ತಾ ಇದೀನಿ, ಕೂತ್ಕೊಳ್ಳಿ."

ಬೆಂಚಿನ ಕಾಲು ಗಾಳಿಯಲ್ಲೇ ನಿಂತಿತು. ನಲವತ್ತು ಮುಖಗಳು ಮೆಸ್ಸಮ್ಮನ ಕಡೆ ತಿರುಗಿದವು. ಮೆಸ್ಸಮ್ಮ ಬಾಯಿ ತೆರೆದು, ಅವರ ಕೈಯಲ್ಲಿದ್ದ ಸಾಮಾನು ನೋಡಿ, ಮುಚ್ಚಿದಳು. ಅವರೆಲ್ಲ ಕೂತ ಮೇಲೆ ನನ್ನ ಹತ್ತಿರ ಬಂದು ಕೈ ಎತ್ತಿದಳು.

"ಕಿವಿಗೆ ಬೇಡ," ಎಂದಳು ಅಮ್ಮ ಶಾಂತವಾಗಿ. "ಆ ಕಿವಿಗೆ ನಿನ್ನ ತಮ್ಮ ಹೊಡೆದಿದ್ದಕ್ಕೇ ಇಷ್ಟೆಲ್ಲಾ ಆಗಿದ್ದು. ಒಳಗೆ ಇನ್ನೂ ತೆಗೀದೇ ಇರೋ ಡಬ್ಬಿ ಎಷ್ಟಿವೆ?"

ಹಳೆಯ ವಾರಗಳದ್ದೂ ಸೇರಿ ಒಂದು ಕೋಣೆ ತುಂಬ ಇದ್ದವು. ಅಮ್ಮ ಎಡಗೈಯಲ್ಲಿ ಚಮಚ ಹಿಡಿದು ಬಾಗಿಲಲ್ಲೇ ನಿಂತಳು.

"ನಾವು ಬಡಿದು ಕೊಡ್ತೀವಿ. ಇವತ್ತೂ, ಪ್ರತಿ ವಾರಾನೂ. ಆದ್ರೆ ಕಟ್ಟೇಲಿ ನಿನಗೆ ಎರಡೇ ಪೆಟ್ಟಿಗೆ. ಇವತ್ತು ನನಗೆ ಆಲೂಗಡ್ಡೆ ಒಂದು ಚೀಲ, ಒಳ್ಳೇ ಡಬ್ಬಿ ಹತ್ತು. ನನ್ನ ಬಾಗಿಲನ್ನ ಇವನೇ ಬಂದು ಕೂರಿಸಬೇಕು."

"ಎರಡ್ರಲ್ಲಿ ನಲವತ್ತು ಜನಕ್ಕೆ ಹೆಂಗಕ್ಕಾ?"

"ಒಂದ್ರಲ್ಲಿ ಆರು ಜನಕ್ಕೆ ನಾನು ಹೆಂಗೋ ಹಂಗೆ."

ಮೆಸ್ಸಮ್ಮ ಮೂಲೆಯಲ್ಲಿ ಗೋಡೆಗೆ ಒರಗಿ, ಒಂದು ಕಣ್ಣು ಮುಚ್ಚಿಹೋಗಿ ಕೂತಿದ್ದ ತಮ್ಮನನ್ನು ನೋಡಿದಳು. "ಆಯ್ತು, ಬಡೀರಿ," ಎಂದಳು. ಈ ಸಲ ಅಕ್ಕಾ ಎನ್ನಲಿಲ್ಲ. ಅದೇ ಅವಳು ಮನಸ್ಸಿನಿಂ​ದ ಆಡಿದ ಮೊದಲ ಮಾತು.

ಆ ಸಂಜೆ ಅಜ್ಜಿಯ ತಲೆ ಎತ್ತಿ ಹಿಡಿದು ಆಲೂಗಡ್ಡೆ ಕಿವುಚಿ ಬಾಯಿಗಿಟ್ಟೆ. ಮೂರು ತುತ್ತು ನುಂಗಿದಳು. ನಾಲ್ಕನೆಯದಕ್ಕೆ, "ಉಪ್ಪು ಕಮ್ಮಿ," ಎಂದಳು. ಅಪ್ಪ ಸ್ಟೂಲಿನ ಮೇಲೆ ಬೆನ್ನು ಹಿಡಿದುಕೊಂಡೇ ನಕ್ಕ. ರೋಲರ್ ಒಂದೇ ಕಣ್ಣಲ್ಲಿ ಬಾಗಿಲು ಕೂರಿಸುತ್ತಿದ್ದ, ತಮ್ಮಂದಿರು ಅವನಿಗೆ ಮೊಳೆ ಕೊಡುವ ನೆಪದಲ್ಲಿ ಅವನ ಕಾಲಿಗೆ ಒದೆಯುತ್ತಿದ್ದರು.

ಮುಂದಿನ ಗುರುವಾರ ನಾನೇ ಹೋದೆ. ಅಮ್ಮನ ಬೆರಳುಗಳಿನ್ನೂ ಸೌಟಿನ ಸೀಳುಗಳ ನಡುವೆ ಇದ್ದವು. ಮೈಕಣ್ಣ ಕುತ್ತಿಗೆಗೆ ಒಂದು ಸಿಳ್ಳೆ ನೇತುಹಾಕಿಕೊಂಡು ನನ್ನನ್ನೇ ದುರುಗುಟ್ಟಿ ನೋಡಿದ. ಇನ್ನು ಮೇಲೆ "ಮುಟ್ಟಿ" ಇಲ್ಲ, ಸಿಳ್ಳೆ. ನಾನು ಒಮ್ಮೆ ಕೇಳಿ ನೆನಪಿಟ್ಟುಕೊಂಡೆ. ಬೂಟಿನ ಒದೆತಕ್ಕೆ ಕಣ್ಣು ಮುಚ್ಚಿದಾಗ ಸುತ್ತ ಇದ್ದ ಮೂವತ್ತು ಜನ ಉಸಿರು ಬಿಗಿಹಿಡಿದು ನಿಂತರು, ಯಾರೂ ನನ್ನ ಹತ್ತಿರ ಸುಳಿಯಲಿಲ್ಲ. ನಾನು ಬೆರಳೆತ್ತಿ ಏಳನೆಯ ಪೆಟ್ಟಿಗೆ ಕೆಟ್ಟದ್ದೆಂದು ತೋರಿಸಿದೆ. ಎಲ್ಲರೂ ತಲೆಯಾಡಿಸಿದರು.

"ಎರಡೂ" ಎಂದದ್ದೇ ಮೂವರು ನನ್ನ ಮೇಲೆ ಬಿದ್ದರು. ಒಬ್ಬಳು ಕೆನ್ನೆಗೆ ಉಗುರು ಹಾಕಿದಳು, ಇನ್ನೊಬ್ಬಳು ಪಾದ ತುಳಿದಳು, ರೋಲರ್ ಪಕ್ಕೆಗೆ ಗುದ್ದಿ ತುಟಿಗೆ ಒಂದು ಕೊಟ್ಟ. ಕಿವಿ ಒಂದನ್ನು ಬಿಟ್ಟು ಉಳಿದೆಲ್ಲ ಕಡೆ ಹೊಡೆದರು. ಸಿಳ್ಳೆ ಊದಿದಾಗ ನನ್ನ ಎರಡೂ ಕೈ ಪೆಟ್ಟಿಗೆಯ ಮೇಲಿದ್ದವು.

ಮನೆಯ ಬಾಗಿಲು ಈಗ ಸ್ವಲ್ಪ ವಾರೆಯಾಗಿ ತೆರೆಯುತ್ತದೆ. ತಮ್ಮಂದಿರು ಒಳಗೆ ಕಾಯುತ್ತಿದ್ದರು. ಒಡೆದ ತುಟಿಯನ್ನು ನೋಡಿದರು, ಕೆನ್ನೆಯ ಮೇಲಿನ ಗೆರೆಗಳನ್ನು ಎಣಿಸಿದರು.

"ನಾಲ್ಕು," ಎಂದ ಹಸಿವು.

"ಹಣ್ಣು," ಎಂದ ಬಾಯಾರಿಕೆ. ಇಬ್ಬರೂ ಕುಣಿಯತೊಡಗಿದರು.